ಗಂಟು ಯಾರ ಕಡೆಯದು?

ನನ್ನ ಎಡಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿ ಹತ್ತು ತಿಂಗಳಾಗಿದ್ದಾಗ ಬಲ ಶ್ವಾಸಕೋಶದಲ್ಲಿ ಎರಡು ಬಿಳಿ ಚುಕ್ಕೆಗಳು ಕಂಡವು. ಆಗ ನನಗೆ ಹದಿನೇಳು. ತೊಂಬತ್ತರ ದಶಕ ಮುಗಿಯುತ್ತಿತ್ತು. ನಾವು ದಾಂಡೇಲಿಯ ಕಾರ್ಮಿಕರ ವಸತಿಯಲ್ಲಿದ್ದೆವು. ಅಪ್ಪ ಕಾಗದ ಕಾರ್ಖಾನೆಯಲ್ಲಿ ಬೇಯಿಸಿದ ಬಿದಿರಿನ ತಿರುಳನ್ನು ಜಾಲರಿಯಲ್ಲಿ ಸೋಸುವ ಕಡೆ ಕೆಲಸ ಮಾಡುತ್ತಿದ್ದ. ನಾನು ಪಿಯುಸಿ ಮೊದಲ ವರ್ಷವನ್ನು ಎರಡನೆಯ ಸಲ ಓದುತ್ತಿದ್ದೆ. ಮೊದಲನೆಯ ಸಲ ಮೊಣಕಾಲಿನ ಎಲುಬಿಗೆ ಕ್ಯಾನ್ಸರ್ ಬಂದು ಪರೀಕ್ಷೆ ತಪ್ಪಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನನ್ನು ನೋಡುತ್ತಿದ್ದವರು ಮೈಸೂರು ಕಡೆಯ ಒಬ್ಬ ಡಾಕ್ಟರಮ್ಮ. ವಯಸ್ಸು ಮೂವತ್ತೈದು ದಾಟಿರಲಿಲ್ಲ. ಅವರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಪೆನ್ನಿನ ತುದಿಯಿಂದ ಎರಡು ಕಡೆ ಮುಟ್ಟಿ ತೋರಿಸಿದರು. ಅಪ್ಪ ತುಂಬ ಹೊತ್ತು ನೋಡಿದ. ಅವನ ಪ್ರಶ್ನೆ ನ್ಯಾಯವಾದದ್ದೇ.

"ಕಾಲ ತಗದಮ್ಯಾಲ ಕಾಲಿನ ಜಡ್ಡು ಎಲ್ಲಿಂದ ಬಂತ್ರಿ?"

"ಕಾಲು ತೆಗೆಯೋಕೆ ಮೊದಲೇ ಕೆಲವು ಕಣಗಳು ಹೊರಟುಬಿಟ್ಟಿದ್ದವು," ಎಂದರು ಡಾಕ್ಟರಮ್ಮ. "ಕಾಲಿನ ರಕ್ತ ಹೃದಯಕ್ಕೆ ಬಂದು, ಅಲ್ಲಿಂದ ಮೊದಲು ಹೋಗೋದು ಶ್ವಾಸಕೋಶಕ್ಕೆ. ಅಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಅಲ್ಲಿ ಸಿಕ್ಕಿಕೊಳ್ಳುತ್ತವೆ."

ಅಪ್ಪನ ಮುಖದಲ್ಲಿ ಬೆಳಕು ಬಂತು. ಮಗಳಿಗೆ ಕ್ಯಾನ್ಸರ್ ಹರಡಿದೆ ಎಂದು ಕೇಳಿದ ಮನುಷ್ಯನ ಮುಖದಲ್ಲಿ ಬರಬಾರದ ಬೆಳಕು. "ಅಂದ್ರ ಜಾಲರಿ! ನಮ್ಮಲ್ಲೂ ಹಂಗ ರೀ. ತಿರುಳು ಹರದ ಬರ್ತೈತಿ, ಬೇಯದ ಗಂಟು ಮೊದಲನೇ ಜಾಲರಿಗೇ ಸಿಗ್ತಾವ. ಆದ್ರ ನಾವು ತಾಸಿಗೊಮ್ಮೆ ಕೆರದು ತಗೀತೇವಿ."

"ನಮ್ಮ ದೇಹವೂ ತೆಗೆಯುತ್ತೆ. ಸಿಕ್ಕಿಕೊಂಡ ಕಣಗಳು ಹೆಚ್ಚಿನವು ಸತ್ತೇ ಹೋಗುತ್ತವೆ. ಆದರೆ ಕೆಲವುಗಳ ವಂಶವಾಹಿಗಳಲ್ಲಿ ಏನೋ ಬದಲಾವಣೆ ಆಗಿರುತ್ತೆ. ಅವು ಅಂಟಿಕೊಳ್ಳೋದನ್ನ ಕಲಿತಿರುತ್ತವೆ. ಯಾವ ಬದಲಾವಣೆ ಅನ್ನೋದನ್ನ ಇನ್ನೂ ಹುಡುಕುತ್ತಿದ್ದಾರೆ."

ಅಪ್ಪನಿಗೆ ಈ ಮಾತಿನಲ್ಲಿ ಕೇಳಿಸಿದ್ದು 'ವಂಶ' ಒಂದೇ. ಅವನ ಮುಖದ ಬೆಳಕು ಆರಿತು. "ನಮ್ಮ ವಂಶದಾಗ ಹಂಥಾದೇನೂ ಇಲ್ರಿ," ಎಂದ. ಕೇಳದೆ ಇದ್ದ ಪ್ರಶ್ನೆಗೆ ಅವನು ಅಷ್ಟು ಬೇಗ ಉತ್ತರ ಕೊಟ್ಟದ್ದನ್ನು ನಾನು ಆಗ ಗಮನಿಸಲಿಲ್ಲ. ನಾನು ಚುಕ್ಕೆಗಳನ್ನು ನೋಡುತ್ತಿದ್ದೆ.

ಆಪರೇಷನ್ನಿಗೆ ಸೇರಿಸಿಕೊಳ್ಳುವ ದಿನ ಕೌಂಟರಿನ ಗುಮಾಸ್ತ ನನ್ನ ಫಾರ್ಮು ತುಂಬಿದ. ಶ್ವಾಸಕೋಶದ ರೋಗಿಗಳಿಗೆ ಬೇರೆಯೇ ಫಾರ್ಮು ಇತ್ತು.

"ದಿನಕ್ಕ ಎಷ್ಟ್ ಬೀಡಿ?"

"ನಾ ಸೇದೂದಿಲ್ರಿ."

"ಯಾವ ವರ್ಷ ಬಿಟ್ಟೀರಿ?"

"ಚಾಲೂನ ಮಾಡಿಲ್ರಿ, ಬಿಡೂದೆಲ್ಲಿಂದ ಬಂತು?"

"ತಂಗಿ, ಇಲ್ಲಿ ಎರಡ ಮನಿ ಅದಾವ. ಬಿಟ್ಟಾರ, ಬಿಟ್ಟಿಲ್ಲ. ನೀ ಬಿಟ್ಟೀ ಏನು?"

"ಇಲ್ಲ."

ಅವನು 'ಬಿಟ್ಟಿಲ್ಲ' ಎಂಬುದಕ್ಕೆ ಗುರುತು ಹಾಕಿದ. ಆಸ್ಪತ್ರೆಯಲ್ಲಿದ್ದ ಹದಿನಾರು ದಿನವೂ ಬೆಳಗ್ಗೆ ಬರುವ ನರ್ಸು ನನ್ನ ಕೈ ಹಿಡಿದುಕೊಂಡು, ಹೆಣ್ಣುಮಗಳು ಈ ಚಟ ಬಿಡಬೇಕು, ಬಿಟ್ಟವರೆಲ್ಲ ಬದುಕಿದ್ದಾರೆ ಎಂದು ಬುದ್ಧಿ ಹೇಳುತ್ತಿದ್ದಳು. ಮೂರನೆಯ ದಿನಕ್ಕೆ ನಾನು "ಬಿಡ್ತೇನ್ರಿ" ಎಂದು ಒಪ್ಪಿಕೊಂಡೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಮಧ್ಯಾಹ್ನ ಮೋಸಂಬಿ ತಂದುಕೊಟ್ಟಳು. ಅವ್ವ ಇದನ್ನೆಲ್ಲ ಕೇಳಿಸಿಕೊಂಡು, ಒಂದು ದಿನ ನನಗೆ ನಿದ್ದೆ ಬಂದಿದೆ ಎಂದು ತಿಳಿದು ನನ್ನ ದುಪಟ್ಟಾ ಮೂಸಿ ನೋಡಿದಳು.

ಎದೆಯ ಬಲಪಕ್ಕ ಕೊಯ್ದು ಎರಡು ಗಂಟು ತೆಗೆದರು. ಡಾಕ್ಟರಮ್ಮ ಅವನ್ನು ಸಣ್ಣ ಶೀಶೆಯಲ್ಲಿ ತಂದು ತೋರಿಸಿದರು. ನಾನು ಶೀಶೆ ಅಲ್ಲಾಡಿಸಿದೆ. ಒಳಗಿನಿಂದ ಟಕ್ ಎಂದು ಸದ್ದಾಯಿತು. ಎಲುಬಿನಲ್ಲಿ ಹುಟ್ಟಿದ ಕಣಗಳು ಎಲ್ಲಿ ಹೋಗಿ ನೆಲೆಸಿದರೂ ಅವಕ್ಕೆ ಗೊತ್ತಿರುವ ಕೆಲಸ ಎಲುಬು ಮಾಡುವುದೊಂದೇ, ಶ್ವಾಸಕೋಶದಲ್ಲೂ ಅದನ್ನೇ ಮಾಡುತ್ತ ಕೂತಿದ್ದವು ಎಂದು ಅವರು ವಿವರಿಸಿದರು. ಮನೆಗೆ ಬಂದ ಮೇಲೆ ನೋಡಲು ಬಂದ ಪಕ್ಕದ ಮನೆಯ ಮುದುಕಿಗೆ ಅವ್ವ ಇದನ್ನು ಹೇಳಿದಳು. ಮುದುಕಿ ಗಲ್ಲಕ್ಕೆ ಕೈಯಿಟ್ಟುಕೊಂಡಳು.

"ಅಯ್ಯ, ಹೋದ ಕಾಲು ಒಳಗಿಂದ ವಾಪಸ್ ಬೆಳೀಯಾಕತ್ತಿತ್ತಲ್ಲವ್ವ! ಅವಸರ ಮಾಡಿ ತಗಸಿಬಿಟ್ರಿ."

ಆ ಮಾತು ಇಡೀ ವಸತಿಯಲ್ಲಿ ಓಡಾಡಿತು. ಇನ್ನೊಂದು ವರ್ಷ ತಾಳಿದ್ದರೆ ಮೊಣಕಾಲಿನವರೆಗಾದರೂ ಬರುತ್ತಿತ್ತು ಎಂದು ನಂಬಿದವರು ಇದ್ದರು. ಕೃತಕ ಕಾಲು ಹಾಕಿಕೊಂಡು ನಾನು ಅಂಗಳದಲ್ಲಿ ನಡೆಯುವುದನ್ನು ಕಲಿಯುವಾಗ ಅವರು ಕನಿಕರದಿಂದ ನೋಡುತ್ತಿದ್ದರು.

ಗಾಯ ಮಾಗಿದ ಮೇಲೆ ಹುಬ್ಬಳ್ಳಿಗೆ ತೋರಿಸಲು ಹೋದಾಗ ಡಾಕ್ಟರಮ್ಮ ಹೊಸ ವಿಷಯ ತೆಗೆದರು. ಕೆಲವೇ ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಬರುವ ಒಂದು ವಂಶವಾಹಿ ದೋಷ ಇರುತ್ತದೆ. ಅಂಥ ಮನೆಗಳಲ್ಲಿ ಸಣ್ಣ ವಯಸ್ಸಿನವರಿಗೆ ಎಲುಬಿನ ಕ್ಯಾನ್ಸರ್ ಬರಬಹುದು, ಬೇರೆ ಕ್ಯಾನ್ಸರುಗಳೂ ಬರಬಹುದು. ನಮ್ಮದು ಹಾಗಿದ್ದರೆ ಉಳಿದ ಮಕ್ಕಳನ್ನೂ ನೋಡಿಕೊಳ್ಳಬೇಕು. ಅವರು ಮುಂಬಯಿಯ ಪ್ರಯೋಗಾಲಯವೊಂದರ ಜೊತೆ ಈ ಕೆಲಸ ಮಾಡುತ್ತಿದ್ದರು. ಎರಡೂ ಕಡೆಯ ವಂಶದ ನಕ್ಷೆ ಬೇಕು: ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸತ್ತವರ ಮೇಲೆ ಗೀಟು, ಪಕ್ಕದಲ್ಲಿ ಸತ್ತ ಕಾರಣ.

ಎರಡೂ ಕಡೆ ಎಂದರೆ ಮುಂಡಗೋಡ ತಾಲೂಕಿನ ಇಂದೂರದ ಅಪ್ಪನ ಕಡೆಯವರು ಮತ್ತು ಹಳಿಯಾಳದ ಹತ್ತಿರದ ಹಳ್ಳಿಯ ಅವ್ವನ ಕಡೆಯವರು. ಅವ್ವನ ಕಡೆ ಹಿರಿಯನೆಂದು ಉಳಿದಿದ್ದವನು ಅವಳ ಅಣ್ಣ, ನನ್ನ ಸೋದರಮಾವ. ಅವನ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಅಪ್ಪನಿಗೂ ಮಾವನಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಕ್ಷೆಯ ಸುದ್ದಿ ತಿಳಿದ ದಿನದಿಂದ ಅವರು ಒಬ್ಬರನ್ನೊಬ್ಬರು 'ನಿಮ್ಮ ಕಡೆ' ಎಂದೇ ಕರೆಯತೊಡಗಿದರು.

ಅಪ್ಪ ಕಾರ್ಖಾನೆಯಲ್ಲಿ ಅಂಚು ಹರಿದು ಬಿಸಾಡಿದ್ದ ಒಂದು ದೊಡ್ಡ ಹಾಳೆಯನ್ನು ಕೇಳಿ ತಂದ. ಎರಡು ಭಾನುವಾರ ನೆಲದ ಮೇಲೆ ಹಾಸಿಕೊಂಡು, ಅವ್ವನ ಬಳೆ ಇಟ್ಟು ವೃತ್ತ ಬರೆದ, ಬೆಂಕಿಪೆಟ್ಟಿಗೆ ಇಟ್ಟು ಚೌಕ ಬರೆದ. ಚೆಂದದ ನಕ್ಷೆ. ಮಾವ ತನ್ನದನ್ನು ನೋಟುಪುಸ್ತಕದ ಹಾಳೆಗಳನ್ನು ಅಂಟಿಸಿ ಮಾಡಿಕೊಂಡು ಬಂದ. ಇಬ್ಬರೂ ಒಂದೇ ದಿನ ಹುಬ್ಬಳ್ಳಿಗೆ ಬಂದರು. ಒಬ್ಬನ ಎದುರಿಗೇ ಇನ್ನೊಬ್ಬನ ನಕ್ಷೆ ಬಿಚ್ಚಬೇಕೆಂಬುದು ಇಬ್ಬರ ಷರತ್ತೂ ಆಗಿತ್ತು.

ಡಾಕ್ಟರಮ್ಮ ಮೊದಲು ಅಪ್ಪನದನ್ನು ಓದಿದರು. ಎಲ್ಲರ ಪಕ್ಕದಲ್ಲೂ 'ವೃದ್ಧಾಪ್ಯ' ಎಂದಿತ್ತು.

"ಇವರು?"

"ನಮ್ಮ ದೊಡ್ಡಪ್ಪರಿ. ವೃದ್ಧಾಪ್ಯ."

"ಇವರು?"

"ನಮ್ಮ ಕಾಕಾ."

ಮಾವನಿಗೆ ತಡೆಯಲಾಗಲಿಲ್ಲ. "ಅವರಿಗೆ ಹೋರಿ ಇರಿದಿತ್ತಲ್ಲ!"

"ಇರಿದಿತ್ತು. ಆದ್ರ ವಯಸ್ಸೂ ಆಗಿತ್ತು," ಎಂದ ಅಪ್ಪ.

"ಈ ಚಿಕ್ಕ ಚೌಕ?"

"ನನ್ನ ತಮ್ಮ."

"ಎಷ್ಟು ವಯಸ್ಸಿಗೆ ಹೋದರು?"

ಅಪ್ಪ ತಲೆ ಕೆರೆದುಕೊಂಡ. "ಮೂರ ತಿಂಗಳು."

ಪಕ್ಕದಲ್ಲಿ ಅದೇ ಅಕ್ಷರದಲ್ಲಿ 'ವೃದ್ಧಾಪ್ಯ' ಎಂದೇ ಇತ್ತು. ಡಾಕ್ಟರಮ್ಮ ಮಾವನ ಹಾಳೆ ಎಳೆದುಕೊಂಡರು. ಮಾವ ಬೇರೆ ದಾರಿ ಹಿಡಿದಿದ್ದ. ಅವನ ಕಡೆ ಏಳು ಜನ ಹಾವು ಕಚ್ಚಿ ಸತ್ತಿದ್ದರು.

"ಏಳೂ ಜನರಿಗೂ ಹಾವು?"

"ನಮ್ಮ ಕಡೆ ಹಾವು ಭಾಳ ರೀ."

"ಇವರು ಹಳಿಯಾಳದ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ತೀರಿಕೊಂಡರು ಅಂತ ನಿಮ್ಮ ತಂಗಿ ಹೇಳಿದ್ದರು."

"ಅಲ್ಲೂ ಹಾವು ಬರ್ತಾವ್ರಿ."

ಅವ್ವ ಅಲ್ಲಿಯವರೆಗೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಈಗ ಎದ್ದು ನಿಂತಳು. "ನನ್ನ ಮಗಳ ಕಾಲು ಹೋಗೇತಿ. ಪುಪ್ಪಸ ಕೊಯ್ದಾರ. ನೀವಿಬ್ರು ಸತ್ತವರಿಗೆ ಔಷಧ ಹಚ್ಚಕೋತ ಕುಂತೀರಿ. ಡಾಕ್ಟರ್ ಬಾಯಾರ, ಇವರನ್ನ ಕೇಳಬ್ಯಾಡ್ರಿ. ರಕ್ತ ತಗೀರಿ. ರಕ್ತ ಸುಳ್ಳ ಹೇಳೂದಿಲ್ಲ."

ಡಾಕ್ಟರಮ್ಮನಿಗೆ ಬೇಕಾದದ್ದೂ ಅದೇ. ಅಪ್ಪ, ಅವ್ವ, ಮಾವ, ನಾನು, ನಾಲ್ವರೂ ಅಲ್ಲೇ ರಕ್ತ ಕೊಟ್ಟೆವು. ಶೀಶೆಯ ಮೇಲೆ ಹೆಸರಿನ ಬದಲು ನಂಬರು ಹಾಕುತ್ತಾರೆಂದು ಖಾತ್ರಿಯಾದ ಮೇಲೆ ಮಾವ ತೋಳು ಚಾಚಿದ. ಆಮೇಲೆ ಡಾಕ್ಟರಮ್ಮ ಅಪ್ಪನ ನಕ್ಷೆಯ ಒಂದು ಮೂಲೆಯಲ್ಲಿದ್ದ ವೃತ್ತವನ್ನು ಮುಟ್ಟಿದರು. ಅದರ ಮೇಲೆ ಗೀಟು ಇರಲಿಲ್ಲ, ಕೆಳಗೆ ಮಕ್ಕಳ ಗೆರೆಯೂ ಇರಲಿಲ್ಲ.

"ನಮ್ಮಕ್ಕ," ಎಂದ ಅಪ್ಪ. "ಜೋಯಿಡಾ ದಾಟಿ ಕುಂಬಾರವಾಡದಾಗ ಕೊಟ್ಟೇವಿ. ಮಕ್ಕಳಿಲ್ಲ. ಮೊಣಕಾಲ ನೋವು, ಎಲ್ಲೂ ಬರೂದಿಲ್ಲ ಆಕಿ."

ಅಪ್ಪನ ಕಡೆ ಬದುಕಿರುವ ಹಿರಿಯಳು ಅವಳೇ. ಅವಳ ರಕ್ತ ಬೇಕೆಂದರು. ಅವಳು ಬರಲಾರಳಾದರೆ ಅಲ್ಲಿಯ ಆರೋಗ್ಯ ಕೇಂದ್ರದ ನರ್ಸಿನ ಕೈಯಲ್ಲಿ ತೆಗೆಸಿ, ಮಂಜುಗಡ್ಡೆಯಲ್ಲಿಟ್ಟು ಎರಡು ದಿನದೊಳಗೆ ತನ್ನಿ ಎಂದು ಎರಡು ಶೀಶೆ, ಒಂದು ಥರ್ಮಾಕೋಲ್ ಡಬ್ಬಿ, ಒಂದು ಚೀಟಿ ಕೊಟ್ಟರು.

ಕುಂಬಾರವಾಡಕ್ಕೆ ಹೋಗುವ ಬಸ್ಸಿನ ಡ್ರೈವರನ ಮೂಲಕ ಆ ಅತ್ತೆಗೆ ಸುದ್ದಿ ಹೋಯಿತು. ಅವನ ಮೂಲಕವೇ ಉತ್ತರ ಬಂತು: ಹುಡುಗಿಯನ್ನು ಕರೆದುಕೊಂಡು ಬಂದರೆ ಕೊಡುತ್ತೇನೆ. ನಾನು ಹೊರಟೆ. ಮಾವನೂ ಹೊರಟು ನಿಂತ. ಅವನ ವಾದ ಸರಳವಾಗಿತ್ತು. "ನೀವು ಹಾದ್ಯಾಗ ಬ್ಯಾರೆ ಯಾರದರೆ ರಕ್ತ ತುಂಬಕೊಂಡ ಬಂದ್ರ? ನಮ್ಮ ಕಡೆಯಿಂದ ಒಬ್ಬ ಸಾಕ್ಷಿ ಬೇಕು."

ಹೀಗೆ ಒಂದು ಬೆಳಗ್ಗೆ ದಾಂಡೇಲಿಯಿಂದ ಮೂವರು ಹೊರಟೆವು. ಅಪ್ಪ ಡ್ರೈವರನ ಹಿಂದೆ, ಮಾವ ಕಟ್ಟಕಡೆಯ ಸೀಟಿನಲ್ಲಿ, ನಾನು ನಡುವೆ ಕೃತಕ ಕಾಲನ್ನು ಓಡಾಡುವ ದಾರಿಗೆ ಚಾಚಿಕೊಂಡು. ಡಬ್ಬಿ ನನ್ನ ತೊಡೆಯ ಮೇಲೆ. ಐಸ್‌ಕ್ಯಾಂಡಿ ಮಾರುವವನಿಂದ ತಂದ ಮಂಜುಗಡ್ಡೆ ಅದರೊಳಗೆ.

ಅತ್ತೆ ಬೇಲಿಯ ಹತ್ತಿರವೇ ನಿಂತಿದ್ದಳು. ನಾನು ಅವಳನ್ನು ಅದಕ್ಕೆ ಮೊದಲು ಒಂದೋ ಎರಡೋ ಸಲ ನೋಡಿದ್ದೆ. ತೆಳ್ಳನೆಯ, ಎತ್ತರದ ಹೆಂಗಸು. ಗಂಡ ಕಾಡಿನಲ್ಲಿ ವಾಚರ್ ಆಗಿದ್ದವನು, ತೀರಿಕೊಂಡು ವರ್ಷಗಳಾಗಿದ್ದವು. ಅವಳು ನನ್ನ ಮುಖ ನೋಡಲಿಲ್ಲ. ನೇರ ನನ್ನ ಕಾಲು ನೋಡಿದಳು. ಬಗ್ಗಿ, ಲಂಗದ ಮೇಲಿಂದಲೇ ಆ ಗಟ್ಟಿ ಕಾಲನ್ನು ಕೈಯಲ್ಲಿ ತಟ್ಟಿದಳು.

"ತಗದ್ರ ಉಳೀತಾರ?" ಎಂದು ಕೇಳಿದಳು.

"ನಾ ಉಳದೇನಲ್ಲತ್ತಿ."

"ಹಾಂ," ಎಂದಳು. ಮತ್ತೊಮ್ಮೆ ತಟ್ಟಿದಳು.

ಒಳಗೆ ಕೂತ ಮೇಲೆ, ರಕ್ತ ಯಾಕೆ ಬೇಕೆಂದು ವಿವರಿಸಲು ಅಪ್ಪ ನಕ್ಷೆ ಬಿಚ್ಚಿದ. ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೆ ವೃತ್ತ, ಚೌಕ, ಗೆರೆ ಅವಳಿಗೆ ಕೂಡಲೇ ತಿಳಿದವು. ರಂಗೋಲಿ ನೋಡಿದಂತೆ ನೋಡಿದಳು.

"ಇದು ಅಪ್ಪಾ, ಇದು ಅವ್ವ. ಇದು ನೀನು. ಇದರ ಕೆಳಗ ಗೆರಿ, ಈ ಹುಡುಗಿ. ನಾ ಎಲ್ಲಿದೇನಿ?"

ಅಪ್ಪ ತೋರಿಸಿದ.

ಅತ್ತೆ ತನ್ನ ವೃತ್ತದ ಮೇಲೆ ಬೆರಳಿಟ್ಟಳು. ಬೆರಳನ್ನು ಕೆಳಗೆ ಎಳೆದಳು. ಅಲ್ಲಿ ಬಿಳಿ ಕಾಗದವಿತ್ತು. "ಇಲ್ಲಿ ಯಾಕ ಗೆರಿ ಇಲ್ಲ?"

ಅಪ್ಪ ಹಾಳೆಯ ಹರಿದ ಅಂಚನ್ನು ಬೆರಳಿನಿಂದ ಮಡಚತೊಡಗಿದ.

"ನನ್ನ ಮಗಳನ್ನ ಹಾಕಿಲ್ಲ ನೀ."

ಆಗ ನನಗೆ ತಿಳಿಯಿತು. ಅತ್ತೆಗೆ ಒಬ್ಬಳು ಮಗಳಿದ್ದಳು. ನಾನು ಹುಟ್ಟುವುದಕ್ಕೆ ಮೊದಲು, ಹದಿನೈದನೆಯ ವಯಸ್ಸಿನಲ್ಲಿ ಅವಳ ಮೊಣಕಾಲಿನ ಮೇಲೆ ಬಾವು ಬಂದಿತ್ತು. ಸೊಪ್ಪು ಕಟ್ಟಿದರು, ಬರೆ ಹಾಕಿದರು. ಆಮೇಲೆ ಕೆಮ್ಮು ಬಂತು. ಮುಂದಿನ ಗದ್ದೆ ನಾಟಿಯ ಹೊತ್ತಿಗೆ ಅವಳು ಇರಲಿಲ್ಲ. ಅಪ್ಪ ಆಗ ತರುಣ. ಅವಳನ್ನು ಬೆನ್ನ ಮೇಲೆ ಹೊತ್ತು ಜೋಯಿಡಾದ ದವಾಖಾನೆಗೆ ಒಯ್ದವನು ಅವನೇ. ಇದಿಷ್ಟನ್ನೂ ಅತ್ತೆ ನಮಗೆ ಅಕ್ಕಿಯ ಲೆಕ್ಕ ಹೇಳುವ ಹಾಗೆ ಹೇಳಿದಳು. ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ.

ಮಾವ ಗೆದ್ದಿದ್ದ. ಇದಕ್ಕಾಗಿಯೇ ಅವನು ಅಷ್ಟು ದೂರ ಬಂದದ್ದು. ಬಾಯಿ ತೆರೆದ, "ನೋಡ್ರಿ, ನಾ ಮೊದಲ..." ಎಂದ. ಅತ್ತೆ ಅವನ ಕಡೆ ತಿರುಗಿ "ಏನ್ರಿ?" ಎಂದಳು. ಅವನು ಬಾಯಿ ಮುಚ್ಚಿದ. "ನೀರ ಕೊಡ್ರಿ," ಎಂದ.

ಅಪ್ಪ ಜೇಬಿನಿಂದ ಪೆನ್ಸಿಲ್ ತೆಗೆದ. ಅತ್ತೆ ತನ್ನ ಬೆಳ್ಳಿ ಬಳೆ ಬಿಚ್ಚಿಕೊಟ್ಟಳು. ಅವನು ಗೆರೆ ಎಳೆದು, ಬಳೆ ಇಟ್ಟು ವೃತ್ತ ಬರೆಯುತ್ತಿದ್ದಾಗ, "ಅಷ್ಟ ಸಣ್ಣದ? ಇನ್ನೂ ದೊಡ್ಡದ ಮಾಡು. ಆಕಿ ನನಗಿಂತ ಎತ್ತರ ಇದ್ಲು," ಎಂದಳು. ಅಪ್ಪ ಒಳಗಿನಿಂದ ಒಂದು ತಾಟು ತರಿಸಿಕೊಂಡ. ಇಡೀ ವಂಶದಲ್ಲಿ ಅಷ್ಟು ದೊಡ್ಡ ವೃತ್ತ ಇನ್ನೊಂದಿರಲಿಲ್ಲ. ಅದು ಪಕ್ಕದ ಕಾಕಾನ ಚೌಕವನ್ನೂ ಅರ್ಧ ನುಂಗಿತು. ಅದರ ಪಕ್ಕದಲ್ಲಿ ಅಪ್ಪ ಕಾರಣ ಬರೆದ. ಈ ಸಲ ನಿಜವನ್ನೇ ಬರೆದ.

ಆರೋಗ್ಯ ಕೇಂದ್ರದಲ್ಲಿ ನರ್ಸು ರಕ್ತ ತೆಗೆದಳು. ಅತ್ತೆ ಇನ್ನೂ ಬೇಕಾದರೆ ತೆಗೆದುಕೊಳ್ಳಿ ಎಂದು ಇನ್ನೊಂದು ತೋಳನ್ನೂ ಚಾಚಿದಳು. ಆಮೇಲೆ ಉಣ್ಣದೆ ಬಿಡಲಿಲ್ಲ. ಉಂಡು ಏಳುವುದರೊಳಗೆ ದಾಂಡೇಲಿಯ ಬಸ್ಸು ಹೋಗಿತ್ತು; ಮುಂದಿನದು ಮರುದಿನ. ಡಬ್ಬಿ ತೆರೆದು ನೋಡಿದರೆ ಮಂಜುಗಡ್ಡೆ ಕರಗಿ ಶೀಶೆಗಳು ಮೀನಿನಂತೆ ಈಜುತ್ತಿದ್ದವು.

ಒಂದು ಜೀಪು ರಾಮನಗರಕ್ಕೆ ಹೊರಟಿತ್ತು. ಅಲ್ಲಿಂದ ಹುಬ್ಬಳ್ಳಿ ಕಡೆಯ ಬಸ್ಸು ಸಿಗುತ್ತದೆಂದು ಅದನ್ನೇ ಹತ್ತಿದೆವು. ರಾಮನಗರದಲ್ಲಿ ಅಪ್ಪ ಎಲ್ಲ ಅಂಗಡಿಗಳಲ್ಲೂ ಮಂಜುಗಡ್ಡೆ ಕೇಳಿದ, ಸಿಗಲಿಲ್ಲ. ಕೊನೆಗೆ ಗೋವಾದಿಂದ ಬೆಳಗಾವಿಗೆ ಹೊರಟಿದ್ದ ಮೀನಿನ ಲಾರಿಯೊಂದು ಚಹಾಕ್ಕೆ ನಿಂತಿತ್ತು. ಡ್ರೈವರ್ ಡಬ್ಬಿಯೊಳಗೆ ಇಣುಕಿ ಹಿಂದಕ್ಕೆ ಸರಿದ.

"ಕೊಣಾಚೆಂ ರಗತ್?" ಎಂದ. ಯಾರ ರಕ್ತ ಎಂದು.

ಅಪ್ಪ ತನಗೆ ತಿಳಿದ ಅರ್ಧ ಮರಾಠಿಯಲ್ಲಿ ಅಕ್ಕನದು ಎಂದ. ಡ್ರೈವರ್ ನನ್ನ ಕಾಲು ನೋಡಿದ, ಅಪ್ಪನ ಮುಖ ನೋಡಿದ, ಮತ್ತೇನೂ ಕೇಳದೆ ಸಲಿಕೆಯಿಂದ ಡಬ್ಬಿ ತುಂಬಿಸಿಕೊಟ್ಟ. ಮಂಜಿನ ಜೊತೆ ಎರಡು ಬಂಗಡೆಯ ತಲೆ ಬಂದವು. ಮಾವ ಮೀನು ಮುಟ್ಟುವವನಲ್ಲ, ಅದರಲ್ಲೂ ಆ ದಿನ ಶನಿವಾರ. ಆದರೆ ಬಸ್ಸಿನಲ್ಲಿ ನನಗೆ ಉಸಿರು ಕಟ್ಟಿದಂತಾದಾಗ ಡಬ್ಬಿಯನ್ನು ಕಸಿದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡವನು ಅವನೇ.

ಅಳ್ನಾವರದ ಹತ್ತಿರ ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ.

"ಯಾರ್ರೀ ಅದು ಮೀನ ತಂದವರು? ಇಳೀರಿ."

"ಮೀನಲ್ರಿ. ರಕ್ತ," ಎಂದ ಮಾವ.

"ಯಾರ ರಕ್ತ?"

"ಬೀಗರ ಮನ್ಯಾಕೀದು."

"ಆಕಿ ಎಲ್ಲಿದಾಳ?"

"ಮನ್ಯಾಗ. ಆರಾಮದಾಳ. ಉಂಡ ಬಂದೇವಿ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಹಿಂದಿನ ಸೀಟಿನ ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಮಾವ ಚೀಟಿ ತೋರಿಸಿದ, ಅದು ಇಂಗ್ಲಿಷಿನಲ್ಲಿತ್ತು. ಆಗ ಅಪ್ಪ ಮುಂದಿನಿಂದ ಎದ್ದು ಬಂದು, ಇಡೀ ಬಸ್ಸಿಗೆ ಕೇಳುವಂತೆ, ಇದು ನನ್ನ ಅಕ್ಕನ ರಕ್ತ, ಈಕೆ ನನ್ನ ಮಗಳು, ಈಕೆಯ ಕಾಲಿನ ರೋಗ ಪುಪ್ಪಸಕ್ಕೆ ಹೋದದ್ದು ಯಾರ ಕಡೆಯಿಂದ ಎಂದು ನೋಡಬೇಕಾಗಿದೆ, ಬಹುತೇಕ ನನ್ನ ಕಡೆಯಿಂದಲೇ, ಎಂದು ಹೇಳಿದ. ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮಾವ ತಲೆ ಎತ್ತಿ, "ಹಂಗೇನ ಹೇಳಾಕ ಬರೂದಿಲ್ರಿ," ಎಂದ ಕಂಡಕ್ಟರಿಗೆ. "ನಮ್ಮಲ್ಲೂ ಹಾವು ಕಚ್ಚಿದವರು ಎಲ್ಲಾರೂ ಹಾವು ಕಚ್ಚೇ ಸತ್ತಾರಂತ ಇಲ್ಲ." ಕಂಡಕ್ಟರಿಗೆ ಇದರ ತಲೆಬುಡ ತಿಳಿಯಲಿಲ್ಲ. ಡಬ್ಬಿಯನ್ನು ಕಿಟಕಿಯ ಹತ್ತಿರ ಹಿಡಿದುಕೊಳ್ಳಲು ಹೇಳಿ, ಬಸ್ಸು ಬಿಡಿಸಿದ.

ಫಲಿತಾಂಶ ಬರಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಆ ವರ್ಷವೆಲ್ಲ ಅಪ್ಪ ಅಪರಾಧಿಯಂತೆ ತಿರುಗಾಡಿದ. ಮಾವ ಅವನ ಬಗ್ಗೆ ಬಹಳ ಸೌಜನ್ಯ ತೋರಿಸುತ್ತಿದ್ದ, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಕೊನೆಗೆ ಡಾಕ್ಟರಮ್ಮ ಎಲ್ಲರನ್ನೂ ಕರೆಸಿ ಕಾಗದ ಓದಿದರು. ಅವರು ಹುಡುಕಿದ ದೋಷ ನನ್ನ ರಕ್ತದಲ್ಲಿ ಇರಲಿಲ್ಲ. ಅಪ್ಪನದರಲ್ಲಿ ಇರಲಿಲ್ಲ, ಅವ್ವನದರಲ್ಲಿ, ಮಾವನದರಲ್ಲಿ, ಅತ್ತೆಯದರಲ್ಲಿ, ಯಾರದರಲ್ಲೂ ಇರಲಿಲ್ಲ.

ನಮಗೆ ತಿಳಿದದ್ದು ಇಷ್ಟು. ನಾನು ಬೆಳೆಯುತ್ತಿದ್ದಾಗ ಮೊಣಕಾಲಿನ ಎಲುಬಿನ ಯಾವುದೋ ಒಂದು ಕಣದಲ್ಲಿ ವಂಶವಾಹಿಗಳು ಕೆಟ್ಟವು. ಅದು ಗಂಟಾಯಿತು. ಗಂಟಿನೊಳಗೆ ಮತ್ತೆ ಮತ್ತೆ ಕೆಟ್ಟು, ಕೆಲವು ಕಣಗಳಿಗೆ ಶ್ವಾಸಕೋಶದಲ್ಲಿ ನೆಲೆಸುವ ಗುಣ ಬಂತು. ಆ ಬದಲಾವಣೆಗಳು ಗಂಟಿನಲ್ಲಿ ಮಾತ್ರ ಇದ್ದವು. ಅವನ್ನು ಯಾರಿಂದಲೂ ಪಡೆದದ್ದಲ್ಲ, ಯಾರಿಗೂ ಕೊಡುವಂಥದ್ದೂ ಅಲ್ಲ.

"ಅಂದ್ರ ಇದು ಯಾರ ಕಡೀದು?" ಎಂದು ಮಾವ ಕೇಳಿದ.

"ಯಾರ ಕಡೆಯದೂ ಅಲ್ಲ."

ಅಪ್ಪ, ಮಾವ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂತೋಷಪಡಬೇಕಾದ ಗಳಿಗೆಯಲ್ಲಿ ಇಬ್ಬರಿಗೂ ಏನೋ ಕಳೆದುಹೋದಂತಿತ್ತು. ಅಪ್ಪ ನನ್ನ ಕಡೆ ತಿರುಗಿದ. "ಅಂದ್ರ ಇಕಿ ತಾನ ಮಾಡ್ಕೊಂಡಾಳ?" ಎಂದ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತೆಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ.

ಇಂದೂರದ ನೆಂಟರು ಈ ಫಲಿತಾಂಶ ಒಪ್ಪಲಿಲ್ಲ. ಮಂಜಿನಲ್ಲಿ ಮೀನಿತ್ತೆಂದು ಅವರ ಕಿವಿಗೆ ಬಿದ್ದಿತ್ತು. ಮುಂಬಯಿಯವರು ಬಂಗಡೆಯ ರಕ್ತ ತಪಾಸು ಮಾಡಿದ್ದಾರೆ, ಬಂಗಡೆಗೆ ಎಲ್ಲಿಯ ಕ್ಯಾನ್ಸರ್ ಎಂದರು. ಮಾವ ಕಾಗದದ ಒಂದು ಪ್ರತಿಗೆ ಪ್ಲಾಸ್ಟಿಕ್ ಹಾಕಿಸಿಕೊಂಡ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅವಲಕ್ಕಿ ಕೊಡುವುದಕ್ಕೂ ಮೊದಲು ಅದನ್ನು ಅವರ ಕೈಗೆ ಕೊಟ್ಟ. ಅವರಿಗೆ ಅಲ್ಲಿಯವರೆಗೆ ಕ್ಯಾನ್ಸರಿನ ಸುದ್ದಿಯೇ ಗೊತ್ತಿರಲಿಲ್ಲ. ಅವಲಕ್ಕಿ ತಿಂದು ಎದ್ದು ಹೋದರು, ಮತ್ತೆ ಬರಲಿಲ್ಲ. ಎರಡನೆಯ ಸಲ ಅವ್ವ ಆ ಕಾಗದವನ್ನು ಬಚ್ಚಿಟ್ಟಳು, ಮದುವೆ ಕೂಡಿಬಂತು.

ನನಗೆ ಅದರ ಮುಂದಿನ ವರ್ಷ ಇನ್ನೊಂದು ಚುಕ್ಕೆ ಬಂತು, ಎಡ ಶ್ವಾಸಕೋಶದಲ್ಲಿ. ಅದನ್ನೂ ತೆಗೆದರು. ಆಮೇಲೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದೆ. "ಅದೂ ಗೊತ್ತಿಲ್ಲ," ಎಂದು ಡಾಕ್ಟರಮ್ಮ ಪ್ರಾಮಾಣಿಕವಾಗಿ ಹೇಳಿದರು. ನನ್ನ ಫೈಲಿನಲ್ಲಿ ಕೊನೆಯವರೆಗೂ ನಾನು ಬೀಡಿ ಬಿಟ್ಟಿರಲಿಲ್ಲ.

ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಅದನ್ನು ಅತ್ತೆಗೆ ತಿಳಿಸಲು ಅಪ್ಪ, ನಾನು ಕುಂಬಾರವಾಡಕ್ಕೆ ಹೋಗಿದ್ದೆವು. ಗದ್ದೆ ಕೊಯ್ಲು ಮುಗಿದಿತ್ತು. ಡಾಕ್ಟರಮ್ಮ ಎಚ್ಚರಿಕೆಯಿಂದ ಹೇಳಿಕೊಟ್ಟದ್ದನ್ನು ಅಪ್ಪ ಅಷ್ಟೇ ಎಚ್ಚರಿಕೆಯಿಂದ ಹೇಳಿದ: ನಿನ್ನ ಮಗಳಿಗೆ ಏನಾಗಿತ್ತೆಂದು ಈಗ ಖಾತ್ರಿಯಾಗಿ ಹೇಳಲು ಬರುವುದಿಲ್ಲ, ಆದರೆ ಅವರು ಹುಡುಕಿದ ದೋಷ ನಿನ್ನ ರಕ್ತದಲ್ಲಿ ಇಲ್ಲ.

"ನನ್ನಿಂದ ಬಂದಿದ್ದಲ್ಲ?"

"ಅಲ್ಲ."

ಅತ್ತೆಯ ಗಂಡನ ಮನೆಯವರು, ಅವನ ತಾಯಿ, ಮೈದುನರು, ನಾದಿನಿ, ಎಲ್ಲ ಅವಳಿಂದಲೇ ಹುಡುಗಿ ಹೋಯಿತು, ಹೊರಗಿನಿಂದ ಬಂದವಳು ರೋಗ ತಂದಳು ಎಂದು ಮುಖಕ್ಕೇ ಹೇಳಿದ್ದರಂತೆ. ಅದನ್ನು ನಮಗೆ ಹೇಳಿದ್ದು ಅವತ್ತೇ. "ಈಗ ಯಾರಿಗೆ ಹೇಳಲಿ?" ಎಂದಳು. "ಒಬ್ಬರೂ ಉಳದಿಲ್ಲ."

ಆ ಗಂಡನ ಮನೆಯವರ ಹಳೆಯ ಮನೆ ಗದ್ದೆಯ ಆಚೆ ಇತ್ತು. ಮಾಡು ಬಿದ್ದು, ಗೋಡೆ ಅರ್ಧ ನಿಂತಿತ್ತು. ಅತ್ತೆ ಅದರ ಕಡೆ ಕೈ ತೋರಿಸಿದಳು. "ಆ ಕಡಿ ಮುಖ ಮಾಡಿ ಓದು. ಜೋರಾಗಿ ಓದು."

ಅಪ್ಪ ನನ್ನನ್ನು ನೋಡಿದ. ಅವನು ಅಂಗಳದ ತುದಿಗೆ ಹೋಗಿ, ಚಪ್ಪಲಿ ಬಿಟ್ಟು, ಕಾಗದ ಬಿಚ್ಚಿದ. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು. ಕಾರ್ಖಾನೆಯ ಎಚ್ಚರಿಕೆ ಫಲಕಗಳನ್ನು ಓದಿ ಕಲಿತ ಇಂಗ್ಲಿಷಿನಲ್ಲಿ, ಒಂದೊಂದು ಅಕ್ಷರ ಕೂಡಿಸುತ್ತ, ಆ ಬಿದ್ದ ಮನೆಯ ಕಡೆ ಮುಖ ಮಾಡಿ ಅವನು ಓದತೊಡಗಿದ. ಪ್ರಯೋಗಾಲಯದ ವಿಳಾಸ ಓದಿದ, ಪಿನ್ ಕೋಡ್ ಓದಿದ, ಶೀಶೆಯ ನಂಬರು ಓದಿದ. ಗದ್ದೆಯಲ್ಲಿ ಹುಳ ಹೆಕ್ಕುತ್ತಿದ್ದ ಕೊಕ್ಕರೆಗಳು ಎದ್ದು ಸ್ವಲ್ಪ ದೂರ ಹೋಗಿ ಕೂತವು. ಓದಲು ಬಾರದ ಪದ ಬಂದಾಗ ನಾನು ಹಿಂದಿನಿಂದ ಹೇಳಿಕೊಟ್ಟೆ. ಅತ್ತೆ ಸೆರಗು ಹೊದ್ದು, ಕೈ ಕಟ್ಟಿಕೊಂಡು ನಿಂತು ಕೇಳಿದಳು.

ಕೊನೆಯ ಸಹಿಯನ್ನೂ ಓದಿ ಅಪ್ಪ ನಿಲ್ಲಿಸಿದ.

"ಇನ್ನೊಮ್ಮೆ," ಎಂದಳು ಅತ್ತೆ. "ನನ್ನ ಗಂಡನ ಅವ್ವಗ ಕಿವಿ ಸರಿ ಕೇಳ್ತಿರಲಿಲ್ಲ."

ಅಪ್ಪ ಗಂಟಲು ಸರಿಮಾಡಿಕೊಂಡು ವಿಳಾಸದಿಂದ ಮತ್ತೆ ಶುರು ಮಾಡಿದ.